ಹುಟ್ಟೇ ಅಪರಾಧವಾದಾಗ

1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿ, ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ದಾಖಲಿಸಿತು. 1911ರಲ್ಲಿ ಅದು ದಕ್ಷಿಣಕ್ಕೂ ಹಬ್ಬಿತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ಮಾರುತ್ತಿದ್ದ ಕೊರಚರ ವ್ಯಾಪಾರವನ್ನು ರೈಲೂ ಸರಕಾರದ ಉಪ್ಪಿನ ನೀತಿಯೂ ಕಸಿದುಕೊಂಡಿದ್ದವು. ಅನ್ನದ ದಾರಿಯನ್ನು ಮುಚ್ಚಿದವರೇ ಅವರನ್ನು ಕಳ್ಳರೆಂದು ಕರೆದರು, ಇದೆಂತಹ ನ್ಯಾಯ! ದಿನನಿತ್ಯ ಪೊಲೀಸರೆದುರು ಹಾಜರಿ. ರಹದಾರಿಯಿಲ್ಲದೆ ಊರು ದಾಟಿದರೆ ಶಿಕ್ಷೆ. ಇಂಥವರನ್ನು ಕೂಡಿಹಾಕಿದ ವಸಾಹತುಗಳು ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿದ್ದವು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಅಳಿದಿಲ್ಲ.

ಸ್ವರಾಜ್ಯ ಬಂದ ಮೇಲೆ, 1952ರಲ್ಲಿ, ಕಾಯಿದೆ ರದ್ದಾಯಿತು. ಆದರೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ರಚಿಸಿದವು, ನಮ್ಮಲ್ಲಿ 1961ರಲ್ಲಿ. ಕಾಗದದಲ್ಲಿ ಅವು ವ್ಯಕ್ತಿಯನ್ನು ಕುರಿತವು. ಸಂಶಯ ಮಾತ್ರ ಹಳೆಯ ಪಟ್ಟಿಯನ್ನೇ ಅನುಸರಿಸಿತು. ಸೆರೆಮನೆಗಳ ನಿಯಮಾವಳಿಗಳಲ್ಲಿಯೂ ಕುಲ ನೋಡಿ ಕೈದಿಗಳನ್ನು ವಿಂಗಡಿಸುವ ವಾಕ್ಯಗಳು ಉಳಿದಿದ್ದವು. ಅವುಗಳನ್ನು ಸರ್ವೋಚ್ಚ ನ್ಯಾಯಾಲಯವು ಸಂವಿಧಾನಬಾಹಿರವೆಂದು ಸಾರಿದ್ದು 2024ರ ಅಕ್ಟೋಬರ್ 3ರಂದು.