ಕೋಳಿ ಹುಚ್ಚಿನ ಲೆಕ್ಕ

ಅಂದದ ಕೋಳಿ ಸಾಕಿ ಮಾರಿದರೆ ಲಾಭವಿದೆಯೇ ಎಂದು ಕೇಳುವವರಿಗೆ 1849ರಿಂದ 1855ರವರೆಗಿನ ಅಮೆರಿಕದ ಬಾಸ್ಟನ್ನಿನ ಕಥೆಯಲ್ಲಿ ಉತ್ತರವಿದೆ. 1842ರ ನಾನ್‌ಕಿಂಗ್ ಒಪ್ಪಂದದಿಂದ ಶಾಂಘೈ ಸೇರಿ ಚೀನಾದ ಐದು ಬಂದರುಗಳು ತೆರೆದವು. ಚಹಾ, ರೇಷ್ಮೆಯ ಜೊತೆಗೆ ಹಡಗುಗಳಲ್ಲಿ ದೈತ್ಯ ಕೋಳಿಗಳೂ ಬಂದವು. ಮೈತುಂಬ ಹತ್ತಿಯಂಥ ಪುಕ್ಕ, ಕಾಲ್ಬೆರಳಿನವರೆಗೂ ಗರಿ, ಕಂದು ಛಾಯೆಯ ಮೊಟ್ಟೆ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯೇ ಇವನ್ನು ಸಾಕಿದಳು. 1849ರ ನವೆಂಬರಿನಲ್ಲಿ ಬಾಸ್ಟನ್ನಿನ ಪಬ್ಲಿಕ್ ಗಾರ್ಡನ್‌ನಲ್ಲಿ ನಡೆದ ಪ್ರದರ್ಶನಕ್ಕೆ ಸಾವಿರಾರು ಜನ ಮುಗಿಬಿದ್ದರು. ಅಲ್ಲಿಂದ ಊರೂರಿಗೆ ಹಬ್ಬಿದ್ದು ಕೋಳಿ ಹುಚ್ಚು.

ಈ ಹುಚ್ಚಿನಲ್ಲಿ ಹಕ್ಕಿಯನ್ನು ಕೊಳ್ಳುತ್ತಿದ್ದವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ಅಡುಗೆಗೆ ಕೊಂಡವರು ಕಡಿಮೆ. ತಾವೂ ಮರಿ ಮಾಡಿಸಿ ಮಾರುವ ಆಸೆಯವರೇ ಹೆಚ್ಚು. ಹಾಗಾಗಿ ಮಾರಿದ ಪ್ರತಿ ಜೋಡಿಯೊಂದಿಗೂ ಒಬ್ಬ ಪೈಪೋಟಿಗಾರ ಹುಟ್ಟುತ್ತಿದ್ದ. ಒಂದು ಹೇಂಟೆಗೆ ವರ್ಷಕ್ಕೆ ಇಪ್ಪತ್ತು ಮರಿ ಉಳಿದವೆಂದೇ ಹಿಡಿಯೋಣ. ಅದರಲ್ಲಿ ಹತ್ತು ಹೇಂಟೆ, ಮರುವರ್ಷ ಆ ಹತ್ತರಿಂದ ನೂರು. ಗಿರಾಕಿಗಳು ಆ ವೇಗದಲ್ಲಿ ಹೆಚ್ಚುವುದಿಲ್ಲ. ಒಡವೆಗೆ ಬೆಲೆ ಕೊಡುವುದು ಅದರ ವಿರಳತೆ; ಆದರೆ ಮೊಟ್ಟೆಯಿಡುವ ಜೀವಿಯನ್ನು ಬಹುಕಾಲ ವಿರಳವಾಗಿ ಇಡಲಾಗದು. 1855ರ ಹೊತ್ತಿಗೆ ಬೆಲೆ ಕುಸಿದು ಕೋಳಿಮನೆಗಳು ಖಾಲಿಯಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ದುಡ್ಡು ಮಾಡಿದವರೂ ಇದ್ದರಲ್ಲ ಎನ್ನಬಹುದು. ಇದ್ದರು. ಅವರಲ್ಲಿ ಪ್ರಸಿದ್ಧ ಬಾಸ್ಟನ್ನಿನ ಜಾರ್ಜ್ ಬರ್ನಮ್. 1852ರ ಕೊನೆಗೆ ಅವನು ರಾಣಿಗೆ ಬೂದು ಬಣ್ಣದ ಕೋಳಿಗಳನ್ನು ಉಡುಗೊರೆ ಕಳಿಸಿದ. ಲಂಡನ್ನಿನ ಸಚಿತ್ರ ಪತ್ರಿಕೆ ಅವುಗಳ ಚಿತ್ರ ಅಚ್ಚುಹಾಕಿತು, ಗಿರಾಕಿಗಳು ಸಾಲುಗಟ್ಟಿದರು. ಹುಚ್ಚು ಇಳಿದಾಗ, 1855ರಲ್ಲಿ, ಅದರ ಇತಿಹಾಸವನ್ನೇ ಪುಸ್ತಕ ಮಾಡಿ ಮಾರಿದ. ಅವನ ಗಳಿಕೆ ಬಂದದ್ದು ಪ್ರಚಾರದಿಂದ, ಬೇಗನೆ ಮಾರಿದ್ದರಿಂದ, ಸಾಕಣೆಯ ಜಾಣ್ಮೆಯಿಂದಲ್ಲ. ತಡವಾಗಿ ಕೊಂಡವರ ನಷ್ಟವನ್ನು ಅವನ ಲಾಭದ ಪಕ್ಕದಲ್ಲಿಟ್ಟೇ ಲೆಕ್ಕ ನೋಡಬೇಕು. ಬ್ರಿಟನ್ನಿನಲ್ಲಿ 1865ರಲ್ಲಿ, ಅಮೆರಿಕದಲ್ಲಿ 1874ರಲ್ಲಿ ತಳಿಗಳಿಗೆ ಮಾನದಂಡಗಳು ಅಚ್ಚಾದವು, ಆಗ ವ್ಯಾಪಾರಕ್ಕೆ ಗಟ್ಟಿ ತಳಹದಿ ಸಿಕ್ಕಿತು ಎಂಬ ವಾದವೂ ಉಂಟು. ಮೋಸ ಕಡಿಮೆಯಾಗಿರಬಹುದು, ಖರ್ಚು ಮಾತ್ರ ಏರಿತು. ಜುಟ್ಟಿನ ಹಲ್ಲು, ಕಾಲಿನ ಬಣ್ಣ, ಗರಿಯ ಅಂಚು, ಎಲ್ಲವೂ ಒಪ್ಪುವ ಮರಿ ಒಂದು ಕಾವಿನಲ್ಲಿ ಒಂದೋ ಎರಡೋ. ಮಿಕ್ಕವೂ ಅಷ್ಟೇ ಕಾಳು ತಿಂದು ಮಾಂಸದ ಬೆಲೆಗೆ ಹೋಗುತ್ತವೆ.

ಈ ಹವ್ಯಾಸದಿಂದ ಜಗತ್ತಿಗೆ ಒಳಿತೇ ಆಗಲಿಲ್ಲ ಎಂದರೆ ಅನ್ಯಾಯವಾದೀತು. ಚೀನಾದ ಲಾಂಗ್‌ಶಾನ್ ಕೋಳಿಯ ರಕ್ತ ಬೆರೆಸಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ವಿಲಿಯಂ ಕುಕ್ 1886ರಲ್ಲಿ ಕಪ್ಪು ಆರ್ಪಿಂಗ್ಟನ್ ತಳಿಯನ್ನು ಹೊರತಂದ. ಮೊಟ್ಟೆ, ಮಾಂಸ ಎರಡಕ್ಕೂ ಒದಗುವ ಕೋಳಿ ಅವನಿಗೆ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಪ್ರದರ್ಶನದ ಸಾಕಣೆದಾರರು ಅದನ್ನೂ ಪುಕ್ಕಕ್ಕಾಗಿ ಬೆಳೆಸಿದರು, ಮೊಟ್ಟೆ ಕಡಿಮೆಯಾಯಿತು.