ಚರಣಕ್ಕೆ ಮುಂಚಿನ ಬಿಟ್

ಅಶೋಕಪುರಂನಲ್ಲಿ ನಾವು ಹುಡುಗರು ಆರ್ಕೆಸ್ಟ್ರಾ ಕಟ್ಟಿದ್ದಾಗ ಹೊಸಬರಿಗೆ ಒಂದೇ ಪರೀಕ್ಷೆ ಇತ್ತು. ‘ಎರಡು ಕನಸು’ ಚಿತ್ರದ ಒಂದು ಹಾಡಿನ ಹೆಸರು ಹೇಳಿ, “ಪಲ್ಲವಿ ಬೇಡ ಕಣಪ್ಪ, ಫಸ್ಟ್ ಬಿಟ್ ನುಡಿಸು” ಅನ್ನುತ್ತಿದ್ದೆವು. ಬಿಟ್ ಅಂದರೆ ಪಲ್ಲವಿ ಮುಗಿದ ಮೇಲೆ, ಚರಣ ಎತ್ತುವುದಕ್ಕೆ ಮುಂಚೆ, ಹಾಡುವವರು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಬರುವ ವಾದ್ಯದ ಭಾಗ. ಪಲ್ಲವಿಯನ್ನು ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವವನೂ ಹಾಡುತ್ತಾನೆ. ಬಿಟ್ ತಪ್ಪದೆ ಬಂದರೆ ಮಾತ್ರ ಅವನು ನಮ್ಮವನು.

ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು. ಸಂಜೆಯಾದರೆ ಸೆಕೆಂಡ್ ಹ್ಯಾಂಡ್ ಅಕಾರ್ಡಿಯನ್ ಹೆಗಲಿಗೆ. ನಮ್ಮಪ್ಪ ತಮಟೆಯವರು, ಅವರಪ್ಪನೂ ಅದೇ. ಅಜ್ಜನ ಕಾಲಕ್ಕೆ ನಮ್ಮ ಬಡಾವಣೆಗೆ ಆದಿ ಕರ್ನಾಟಕಪುರ ಅನ್ನುವ ಹೆಸರು. ಅಶೋಕ ಚಕ್ರವರ್ತಿಯ ಹೆಸರು ಆಮೇಲೆ ಬಂತು. ತಮಟೆ ಬಿಟ್ಟು ಅಕಾರ್ಡಿಯನ್ ಹಿಡಿದೆನೆಂದು ಅಪ್ಪನಿಗೆ ಸ್ವಲ್ಪ ಮುನಿಸಿತ್ತು. ಕೈಗೆ ಲಯ ಕೊಟ್ಟವರು ಅವರೇ. ಆದರೆ ಸ್ವರ ಕಲಿಸಿದವರು ಇಬ್ಬರು ಅಣ್ಣತಮ್ಮಂದಿರು, ನಾನು ಒಮ್ಮೆಯೂ ಎದುರಿಗೆ ಕಾಣದವರು: ಸಿನಿಮಾ ಸಂಗೀತ ನಿರ್ದೇಶಕರಾದ ರಾಜನ್–ನಾಗೇಂದ್ರ.

ಅವರು ಹುಟ್ಟಿದ್ದು ಇದೇ ಮೈಸೂರಿನ ಶಿವರಾಂಪೇಟೆಯಲ್ಲಿ. ನಮ್ಮ ಕೇರಿಯಿಂದ ಸೈಕಲ್ ತುಳಿದರೆ ಕಾಲು ಗಂಟೆಯ ದಾರಿ. ತಂದೆ ರಾಜಪ್ಪನವರು ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು, ಮೂಕಿ ಚಿತ್ರಗಳಿಗೆ ವಾದ್ಯ ಹಿಡಿದವರು. ಆ ಕಸುಬು ಈಗ ಯಾರಿಗೂ ನೆನಪಿಲ್ಲ. ಪರದೆಯ ಮೇಲೆ ಬೊಂಬೆ ಓಡುತ್ತದೆ, ಮಾತಿಲ್ಲ. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ, ಪಿಟೀಲು ಇಟ್ಟುಕೊಂಡು ಕೂತವರು ಬೊಂಬೆಯ ಮುಖ ನೋಡಿ ಆ ಗಳಿಗೆಗೆ ತಕ್ಕ ಸ್ವರ ಕೊಡಬೇಕು. ಅಳುವಾಗ ಒಂದು, ಕುದುರೆ ಓಡುವಾಗ ಇನ್ನೊಂದು. ಹಿನ್ನೆಲೆ ಸಂಗೀತ ಅನ್ನುವ ವಿದ್ಯೆ ನಮ್ಮ ಊರುಗಳಿಗೆ ಬಂದದ್ದು ಹೀಗೆ, ಟೆಂಟಿನ ನೆಲದ ಮೇಲೆ ಕೂತವರ ಬೆರಳಿನಿಂದ.

1934ರಲ್ಲಿ ‘ಸತಿ ಸುಲೋಚನ’ ಬಂತು, ಕನ್ನಡದ ಬೊಂಬೆ ಮಾತಾಡಿತು. ಟೆಂಟಿನ ವಾದ್ಯದವರ ಅನ್ನಕ್ಕೆ ಕಲ್ಲು ಬಿತ್ತು. ರಾಜನ್ ಹುಟ್ಟಿದ್ದು ಅದಕ್ಕೆ ಒಂದು ವರ್ಷ ಮುಂಚೆ, ನಾಗೇಂದ್ರ ಹುಟ್ಟಿದ್ದು ಒಂದು ವರ್ಷ ಆದಮೇಲೆ. ಅಪ್ಪನ ಕಸುಬು ಸಾಯುವ ಹೊತ್ತಿಗೆ ಮಕ್ಕಳು ಹುಟ್ಟಿ, ಅದೇ ಕಸುಬನ್ನು ಬೇರೆ ರೂಪದಲ್ಲಿ ಎತ್ತಿಕೊಂಡರು ಅಂತ ನನಗೆ ಅನ್ನಿಸುತ್ತದೆ. ರಾಜನ್ ಕೈಗೆ ಪಿಟೀಲು ಬಂತು, ನಾಗೇಂದ್ರ ಕೈಗೆ ಜಲತರಂಗ.

ಆ ಕಾಲದ ಮೈಸೂರಿನ ಕಿವಿಯೂ ಬೇರೆ ಥರದ್ದು. ನಾಲ್ವಡಿಯವರ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿದ್ದ ಹಾಗೇ ಇಂಗ್ಲಿಷ್ ಬ್ಯಾಂಡೂ ಇತ್ತು. ಅದನ್ನು ನಡೆಸಲು ಜರ್ಮನಿಯ ಆಟೋ ಶ್ಮಿಟ್ ಇದ್ದರು. ದಸರಾ ನೋಡಲು ಹೋದ ಬಡವನ ಮಗನಿಗೂ ನಾಗಸ್ವರ, ಕ್ಲಾರಿಯೊನೆಟ್ ಎರಡೂ ಪುಕ್ಕಟೆ. ರಾಜನ್–ನಾಗೇಂದ್ರರ ಹಾಡಿನಲ್ಲಿ ರಾಗದ ನೆರಳು ಬಿಡದೆ ಪಿಟೀಲುಗಳ ಸಾಲು ಹಾರ್ಮನಿಯಲ್ಲಿ ಏರುವುದನ್ನು ಕೇಳಿದಾಗೆಲ್ಲ ನನಗೆ ದಸರಾ ಮೆರವಣಿಗೆಯೇ ಕಣ್ಣಿಗೆ ಬರುತ್ತದೆ. ಇದು ನನ್ನ ಊಹೆ, ಪಂಡಿತರು ಒಪ್ಪದಿದ್ದರೆ ಬೇಡ.

ಹುಡುಗರಿದ್ದಾಗಲೇ ಇಬ್ಬರೂ ಆರ್ಕೆಸ್ಟ್ರಾದಲ್ಲಿ ನುಡಿಸಿ ಪಳಗಿದರು. ಗಾಯಕ ಪಿ. ಕಾಳಿಂಗರಾಯರ ನೆರಳೂ ನಾಗೇಂದ್ರರಿಗೆ ಸಿಕ್ಕಿತು. ಐವತ್ತರ ದಶಕದ ಆರಂಭದಲ್ಲಿ ಮದರಾಸು. ಬಿ. ವಿಠಲಾಚಾರ್ಯರು ‘ಸೌಭಾಗ್ಯ ಲಕ್ಷ್ಮಿ’ ಚಿತ್ರದ ಸಂಗೀತವನ್ನು ಈ ಹುಡುಗರ ಕೈಗೆ ಕೊಟ್ಟರು. ಅದು 1953. ಅಣ್ಣನಿಗೆ ಇಪ್ಪತ್ತು, ತಮ್ಮನಿಗೆ ಹದಿನೆಂಟು. ನಾನು ಆ ವಯಸ್ಸಿನಲ್ಲಿ ಮದುವೆ ಮನೆಯ ಚಪ್ಪರದ ಆಚೆ ನಿಂತು ನುಡಿಸುತ್ತಿದ್ದೆ. ಒಂದು ಮನೆಯಲ್ಲಂತೂ, ಹಾಡಿಗೆ ಚಪ್ಪಾಳೆ ಹೊಡೆದವರೇ ನಮ್ಮ ಎಲೆಯನ್ನು ಹಿತ್ತಿಲಲ್ಲಿ ಹಾಕಿಸಿದರು. ಆ ರಾತ್ರಿ ನುಡಿಸಿದ್ದೂ ಇವರದ್ದೇ ಹಾಡು.

ಆಗ ಮದರಾಸಿನಲ್ಲಿ ರೆಕಾರ್ಡಿಂಗ್ ಅಂದರೆ ಹಾಡುವವರು, ವಾದ್ಯದವರು ಎಲ್ಲ ಒಂದೇ ಹಾಲಿನಲ್ಲಿ ಒಟ್ಟಿಗೆ. ಕೊನೆಯ ಸಾಲಿನ ಪಿಟೀಲಿನವನೊಬ್ಬ ಅಪಸ್ವರ ಹಿಡಿದರೆ ಮೊದಲಿಂದ ಶುರು. ರೀ-ರೆಕಾರ್ಡಿಂಗ್ ಇನ್ನೂ ಕಷ್ಟ. ಮಾತು, ಹಾಡು ಎಲ್ಲ ಸೇರಿದ ಚಿತ್ರವನ್ನು ರೀಲು ರೀಲಾಗಿ ಪರದೆಯ ಮೇಲೆ ಓಡಿಸುತ್ತಾರೆ. ಸಂಗೀತ ನಿರ್ದೇಶಕ ಸೆಕೆಂಡು ಎಣಿಸಿ, ನಾಯಕಿ ಬಾಗಿಲು ತೆಗೆಯುವವರೆಗೆ ಇಷ್ಟು, ತಿರುಗಿ ನೋಡುವುದಕ್ಕೆ ಇಷ್ಟು ಅಂತ ಲೆಕ್ಕ ಹಾಕಿ, ನೊಟೇಶನ್ ಬರೆದು ಹಂಚಬೇಕು. ವಾದ್ಯದವರ ಕೂಲಿ ಕಾಲ್‌ಶೀಟಿನ ಲೆಕ್ಕ. ಹೊತ್ತು ಮೀರಿದರೆ ನಿರ್ಮಾಪಕನ ಮುಖ ಸಣ್ಣಗಾಗುತ್ತದೆ. ರಾಜಪ್ಪನವರು ಟೆಂಟಿನಲ್ಲಿ ಮಾಡಿದ್ದೂ ಇದೇ ಕೆಲಸ. ಅವರ ಕೈಯಲ್ಲಿ ಕಾಗದ ಇರಲಿಲ್ಲ, ಅಷ್ಟೇ.

ಆಮೇಲಿನದು ಎಲ್ಲರಿಗೂ ಗೊತ್ತು. 1962ರ ‘ರತ್ನಮಂಜರಿ’, 1966ರ ‘ಮಂತ್ರಾಲಯ ಮಹಾತ್ಮೆ’, ಎಪ್ಪತ್ತರ ದಶಕದಲ್ಲಂತೂ ಸುಗ್ಗಿ: ‘ನ್ಯಾಯವೇ ದೇವರು’, ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’, ‘ನಾ ನಿನ್ನ ಮರೆಯಲಾರೆ’. ತೆಲುಗಿನಲ್ಲಿ ‘ಪಂತುಲಮ್ಮ’ ಚಿತ್ರಕ್ಕೆ ನಂದಿ ಪ್ರಶಸ್ತಿ. ‘ಗಂಧದ ಗುಡಿ’ಯನ್ನು ತೆಗೆದ ಎಂ.ಪಿ. ಶಂಕರ್ ಮೈಸೂರಿನ ಪೈಲ್ವಾನರು, ಸಂಗೀತವೂ ಮೈಸೂರಿನದು. ಆ ಚಿತ್ರ ನಮ್ಮ ಮನೆಯ ಸಿನಿಮಾ ಅಂತಲೇ ನಾವು ಮೆರೆದಾಡಿದೆವು.

ನಾವು ಕಲಿತದ್ದು ಮೈಕ್‌ಸೆಟ್ ಅಂಗಡಿಯ ಪ್ಲೇಟಿನಿಂದ. ಮುಳ್ಳನ್ನು ಎತ್ತಿ ಎತ್ತಿ ಅದೇ ಜಾಗಕ್ಕೆ ಇಡುವುದು, ಅಂಗಡಿಯವನು ಬೈಯುವುದು, ನಾವು ಅವನಿಗೆ ಟೀ ತಂದುಕೊಡುವುದು. ಏಪ್ರಿಲ್ 14ಕ್ಕೆ, ಬಾಬಾಸಾಹೇಬರ ಜಯಂತಿಯ ರಾತ್ರಿ ಕೇರಿಯಲ್ಲಿ ನಮ್ಮ ಕಾರ್ಯಕ್ರಮ. ಬಿಟ್ ತಪ್ಪಿದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯರಿಗೂ ಗೊತ್ತಾಗುತ್ತಿತ್ತು.

ಅಪ್ಪನ ಮುನಿಸು ಇಳಿದದ್ದು ‘ಪರಸಂಗದ ಗೆಂಡೆತಿಮ್ಮ’ ಬಂದಾಗ, 1978ರಲ್ಲಿ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ದೊಡ್ಡರಂಗೇಗೌಡರ ಹಾಡು, ನಮ್ಮ ಸೀಮೆಯ ಮಾತು. ಪಿಟೀಲಿನ ಸಾಲು ಕಟ್ಟುತ್ತಿದ್ದ ಅಣ್ಣತಮ್ಮಂದಿರು ಇಲ್ಲಿ ಹಳ್ಳಿಯ ಹೆಜ್ಜೆಗೆ ಬಂದಿದ್ದರು. ಟಾಕೀಸಿನಿಂದ ಹೊರಗೆ ಬರುವಾಗ ಅಪ್ಪ ಬೆರಳಲ್ಲಿ ತೊಡೆ ತಟ್ಟುತ್ತಿದ್ದರು. “ಈ ಕೈ ನಂಗೊತ್ತು” ಅಂದರು. ಆ ಸಂಗೀತಕ್ಕೆ ರಾಜ್ಯ ಪ್ರಶಸ್ತಿ ಬಂತು. ನಮ್ಮ ಮನೆಯಲ್ಲಿ ಅದಕ್ಕೆ ಮೊದಲೇ ಕೊಟ್ಟಾಗಿತ್ತು.

1987ರಲ್ಲಿ ‘ಪ್ರೇಮಲೋಕ’ ಬಂತು. ಹಂಸಲೇಖರ ಸದ್ದಿಗೆ ಹುಡುಗರು ಕುಣಿದರು, ನಾನೂ ಕುಣಿದೆ, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಕೀಬೋರ್ಡ್ ಬಂದರೆ ಅಕಾರ್ಡಿಯನ್, ಕ್ಲಾರಿಯೊನೆಟ್, ಮ್ಯಾಂಡೋಲಿನ್ ಮೂವರಿಗೂ ರಜೆ. ನಮ್ಮ ಆರ್ಕೆಸ್ಟ್ರಾ ಐದಾರು ವರ್ಷದಲ್ಲಿ ಕರಗಿತು. ಟಾಕಿ ಬಂದಾಗ ಟೆಂಟಿನವರಿಗೆ ಆದದ್ದು ನಮಗೂ ಆಯಿತು. ನಾಗೇಂದ್ರ 2000ದ ನವೆಂಬರಿನಲ್ಲಿ ಹೋದರು. ರಾಜನ್ 2020ರ ಅಕ್ಟೋಬರಿನಲ್ಲಿ, ಕೊರೊನಾ ಕಾಲದಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಎಂಬತ್ತೇಳು ವರ್ಷ.

ಜನ ಈಗಲೂ ಆ ಹಾಡುಗಳನ್ನು ರಾಜಕುಮಾರ್ ಹಾಡು, ಎಸ್‌ಪಿಬಿ ಹಾಡು ಅನ್ನುತ್ತಾರೆ. ತಪ್ಪೇನಲ್ಲ. ಹಾಡಿನ ಸಾಹಿತ್ಯ ಪುಸ್ತಕದಲ್ಲಿ ಉಳಿದಿದೆ, ಗಾಯಕರ ದನಿ ತಟ್ಟೆಯಲ್ಲಿ ಉಳಿದಿದೆ. ಬಿಟ್‌ಗಳನ್ನು ಬರೆದ ಕಾಗದ ಮಾತ್ರ ರೆಕಾರ್ಡಿಂಗ್ ಮುಗಿದ ದಿನವೇ ಬೇಡವಾದ ವಸ್ತು. ನಾನು ಪ್ಲೇಟು ಕೇಳಿ ಸರಿಗಮದಲ್ಲಿ ಬರೆದುಕೊಂಡಿದ್ದ ಎರಡು ನೋಟ್‌ಬುಕ್ಕುಗಳನ್ನು ಮನೆಗೆ ಸುಣ್ಣ ಹೊಡೆಸುವಾಗ ನಾನೇ ಗುಜರಿಯವನ ತಕ್ಕಡಿಗೆ ಹಾಕಿದೆ. ಯಾವ ಪುಣ್ಯಕ್ಕೋ!

ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಮದರಾಸಿನ ಹಳೆಯ ಬೀದಿಗಳಲ್ಲಿ ಆ ಕಾಲದ ಪಿಟೀಲಿನವರ, ಕೊಳಲಿನವರ ಮನೆಗಳಿವೆ. ಅಟ್ಟದ ಮೇಲೆ ಸ್ವರ ಬರೆದ ಹಳದಿ ಹಾಳೆ ಸಿಕ್ಕರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಮೂಲೆಯಲ್ಲಿ ಚಿತ್ರದ ಹೆಸರು, ರೀಲಿನ ನಂಬರು ಇದೆಯಾ ನೋಡಿ, ಫೋಟೋ ತೆಗೆದು ಸಂಗೀತ ಬಲ್ಲವರೊಬ್ಬರಿಗೆ ತೋರಿಸಿ.