ಬೆಂಗಳೂರಿನ ಹೆಸರು ಹೊತ್ತ ಗೊಬ್ಬರ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರಿಗೂ ಕೃಷಿ ಪದವೀಧರರಾದವರಿಗೂ ‘ಬೆಂಗಳೂರು ವಿಧಾನ’ ಎಂಬ ಮಾತು ಪರಿಚಿತವಾಗಿರಬೇಕು. ಪರೀಕ್ಷೆಗೆಂದು ಕಂಠಪಾಠ ಮಾಡಿ ಮರುದಿನವೇ ಮರೆತಿದ್ದರೆ ಆ ಮಾತು ಬೇರೆ! ನಗರದ ಕಸವನ್ನು ಗೊಬ್ಬರವಾಗಿಸುವ ಒಂದು ಕ್ರಮಕ್ಕೆ ಪಠ್ಯಪುಸ್ತಕಗಳಲ್ಲಿ ನಮ್ಮ ರಾಜಧಾನಿಯ ಹೆಸರಿದೆ. ಅದೇ ನಗರವು 2012ರಲ್ಲಿ ತನ್ನ ಕಸವನ್ನು ಎಲ್ಲಿ ಸುರಿಯಬೇಕೆಂದು ತಿಳಿಯದೆ ಬೀದಿಬೀದಿಗಳಲ್ಲಿ ರಾಶಿ ಹಾಕಿಕೊಂಡು ಕುಳಿತಿತ್ತು.

ಕಥೆ ಆರಂಭವಾಗುವುದು ಇಂದೋರಿನಲ್ಲಿ. ಅಲ್ಲಿ 1924ರಲ್ಲಿ ಸಸ್ಯೋದ್ಯಮ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಆಲ್ಬರ್ಟ್ ಹೊವಾರ್ಡ್, ತಮ್ಮ ಸಹೋದ್ಯೋಗಿ ಯಶವಂತ ವಾಡ್ ಅವರೊಡನೆ ಹೊಲದ ಕಸಕಡ್ಡಿ, ಸಗಣಿಗಳಿಂದ ಶಾಸ್ತ್ರೀಯವಾಗಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿ 1931ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ನಮ್ಮ ರೈತರಿಗೆ ತಿಪ್ಪೆ ಹೊಸತಾಗಿರಲಿಲ್ಲ. ಆದರೆ ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುವ ಲೆಕ್ಕಾಚಾರ ಹೊಸತಾಗಿತ್ತು.

ಹಳ್ಳಿಗೆ ಇದು ಸರಿ, ಪಟ್ಟಣದ ಕಸಕ್ಕೇನು ಗತಿ? ಆ ಪ್ರಶ್ನೆಗೆ ಉತ್ತರ ಹುಡುಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಸಿ. ಎನ್. ಆಚಾರ್ಯ. 1939ರ ಸುಮಾರಿಗೆ ಅವರು ರೂಪಿಸಿದ ಕ್ರಮದ ಸರಳತೆಯನ್ನು ನೋಡಿ. ಊರಿನಿಂದ 800 ಮೀಟರಿಗೆ ಕಡಿಮೆಯಿಲ್ಲದಷ್ಟು ದೂರದಲ್ಲಿ 90 ಸೆಂಟಿಮೀಟರ್ ಆಳದ ಗುಂಡಿ. ತಳಕ್ಕೆ 15 ಸೆಂಟಿಮೀಟರ್ ಕಸ, ಅದರ ಮೇಲೆ 5 ಸೆಂಟಿಮೀಟರ್ ಮಲ, ಮತ್ತೆ ಕಸ, ಮತ್ತೆ ಮಲ. ನೆಲಮಟ್ಟದಿಂದ ಒಂದಡಿ ಮೇಲೇರಿದ ಬಳಿಕ ದಪ್ಪನೆಯ ಕಸದ ಪದರವೊಂದನ್ನು ಹಾಸಿ ಮಣ್ಣು ಮುಚ್ಚುವುದು. ಮಗುಚುವ ಗೋಜಿಲ್ಲ, ಆದ್ದರಿಂದ ಕೂಲಿಯ ಖರ್ಚೂ ಕಡಿಮೆ. ವಾರದೊಳಗೆ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ರೋಗಾಣುಗಳೂ ಜಂತುಗಳ ಮೊಟ್ಟೆಗಳೂ ಅದರಲ್ಲಿ ನಾಶವಾಗುತ್ತವೆ. ನಾಲ್ಕರಿಂದ ಆರು ತಿಂಗಳಿಗೆ ವಾಸನೆಯಿಲ್ಲದ ಕಪ್ಪು ಗೊಬ್ಬರ ಸಿದ್ಧ. ಗುಂಡಿಯನ್ನು ಸರಿಯಾಗಿ ತುಂಬಿದೆಯೇ ಎಂದು ತಿಳಿಯಲು ಪಠ್ಯಗಳು ಒಂದು ಪರೀಕ್ಷೆಯನ್ನು ಹೇಳುತ್ತವೆ: ಅದರ ಮೇಲೆ ನಡೆದವನ ಕಾಲು ಹೂತುಹೋಗಬಾರದು. ಯಾವ ಯಂತ್ರವೂ ಬೇಡದ ಇಂಥ ಪರೀಕ್ಷೆ ನನಗೆ ಬಹಳ ಮೆಚ್ಚುಗೆಯಾಯಿತು.

ಯುದ್ಧಕಾಲದ ಆಹಾರದ ಅಭಾವ, 1943ರ ಬಂಗಾಳದ ಕ್ಷಾಮ, ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಇವೆಲ್ಲ ಸೇರಿ ಈ ಕ್ರಮವನ್ನು ದೇಶದ ಪುರಸಭೆಗಳಿಗೆ ಮುಟ್ಟಿಸಿದವು. ಹಳ್ಳಿಯಿಂದ ಕಾಳು, ತರಕಾರಿಯಾಗಿ ಪಟ್ಟಣಕ್ಕೆ ಬಂದ ಮಣ್ಣಿನ ಸಾರವು ಗೊಬ್ಬರವಾಗಿ ಹಳ್ಳಿಗೆ ಮರಳುವ ದಾರಿ ಅದು. ಇಂದು ‘ವರ್ತುಲ ಆರ್ಥಿಕತೆ’ ಎಂದು ಕರೆಯುವುದು ಇದನ್ನೇ.

ಆದರೆ ಆ ಐದು ಸೆಂಟಿಮೀಟರಿನ ಪದರವನ್ನು ಗುಂಡಿಯವರೆಗೆ ತಂದವರು ಯಾರು? ಪಠ್ಯಗಳು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಮಲ್ಲೇಶ್ವರದ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳನ್ನು ನೀವು ನೋಡಿರಬಹುದು. ಮುಂಬಾಗಿಲಿಗೆ ಬರಕೂಡದೆಂದು ಸಮಾಜವು ವಿಧಿಸಿದ್ದ ಜನರು ಮಲದ ಬುಟ್ಟಿ ಹೊತ್ತು ಸಾಗಿದ ದಾರಿಗಳವು. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು, 1970ರ ದಶಕದ ಮೊದಲ ವರ್ಷಗಳಲ್ಲಿ. ಇಡೀ ದೇಶಕ್ಕೆ ಕಾನೂನು ರೂಪುಗೊಳ್ಳಲು 1993 ಬರಬೇಕಾಯಿತು. ಬೆಂಗಳೂರು ವಿಧಾನದ ಅರ್ಧ ಭಾಗ ಹೀಗೆ ಇಲ್ಲವಾದುದಕ್ಕೆ ನಾವು ಮರುಗಬೇಕಾಗಿಲ್ಲ. ಅದು ಎಂದೋ ಹೋಗಬೇಕಿತ್ತು.

ಮರುಗಬೇಕಾದದ್ದು ಉಳಿದರ್ಧಕ್ಕೆ. ಆಚಾರ್ಯರ ಕಾಲದ ಕಸವೆಂದರೆ ಸೊಪ್ಪುಸದೆ, ಸಿಪ್ಪೆ, ಬೂದಿ, ಎಲೆ, ಮಣ್ಣು. ಕೊಳೆಯದ ವಸ್ತು ಅದರಲ್ಲಿ ಅತ್ಯಲ್ಪ. ಮುಂದೆ ರಾಸಾಯನಿಕ ಗೊಬ್ಬರ ಚೀಲದಲ್ಲಿ ಬಂದಿತು, ಸರ್ಕಾರದ ಸಹಾಯಧನದಿಂದ ಅಗ್ಗವೂ ಆಯಿತು. ಅದರ ಹಿಂದೆಯೇ ಪ್ಲಾಸ್ಟಿಕ್ ಬಂದಿತು. ಅನ್ನ, ಗಾಜಿನ ಚೂರು, ಬ್ಯಾಟರಿ ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಎಸೆಯುವುದನ್ನು ನಾವು ಕಲಿತೆವು. ಗಾಜು ಬೆರೆತ ಗೊಬ್ಬರವನ್ನು ಬರಿಗಾಲಿನಲ್ಲಿ ಉಳುವ ರೈತ ಏಕೆ ಕೊಂಡಾನು? 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಕೂಡ್ಲು ಬಳಿಯ ಘಟಕದಲ್ಲಿ ನಗರದ ಕಸವನ್ನು ಗೊಬ್ಬರವಾಗಿಸುತ್ತ ಬಂದಿತು. ಒಂದು ಕಾಲಕ್ಕೆ ಊರಾಚೆಯಿದ್ದ ಆ ಜಾಗದ ಸುತ್ತ ಬಡಾವಣೆಗಳು ಎದ್ದವು, ವಾಸನೆಯ ದೂರುಗಳೂ ಎದ್ದವು. ಆಚಾರ್ಯರ 800 ಮೀಟರನ್ನು ನಗರವೇ ನುಂಗಿತ್ತು.

ಉಳಿದ ಕಸ ಹೋದದ್ದು ಮಾವಳ್ಳಿಪುರಕ್ಕೆ, ಮಂಡೂರಿಗೆ. ಹಿಂದೆ ನಗರದಿಂದ ಹಳ್ಳಿಗೆ ಗೊಬ್ಬರದ ಗಾಡಿ ಹೋಗುತ್ತಿತ್ತು. ಈಗ ಕೊಳಚೆ ಸುರಿಸುವ ಲಾರಿ. ಬಾವಿಯ ನೀರು ಕೆಟ್ಟ ಹಳ್ಳಿಗರು ರಸ್ತೆಗಿಳಿದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು, 2014ರ ಕೊನೆಗೆ ಮಂಡೂರಿನದೂ ಮುಚ್ಚಿತು. ಮನೆಯಲ್ಲೇ ಕಸ ಬೇರ್ಪಡಿಸಬೇಕೆಂಬ ಆಜ್ಞೆ ಬೆಂಗಳೂರಿನಲ್ಲಿ 2012ರ ಅಕ್ಟೋಬರಿನಲ್ಲಿ ಹೊರಟಿತು. ಇಂದೋರ್ ನಗರವಾದರೋ ಬೇರ್ಪಡಿಸುವುದನ್ನು ಮನೆಮನೆಗೂ ರೂಢಿ ಮಾಡಿಸಿ, 2017ರಿಂದ ಸತತವಾಗಿ ಹಲವು ವರ್ಷ ದೇಶದ ಸ್ವಚ್ಛ ನಗರಗಳಲ್ಲಿ ಮೊದಲನೆಯದಾಯಿತು. 2022ರಲ್ಲಿ ದಿನಕ್ಕೆ 550 ಟನ್ ಹಸಿ ಕಸದಿಂದ ಅನಿಲ ತೆಗೆಯಬಲ್ಲ ಸ್ಥಾವರವೂ ಅಲ್ಲಿ ಆರಂಭವಾಯಿತು.

ಈಗ ಬೆಂಗಳೂರಿನ ಅನೇಕ ಮನೆಗಳ ತಾರಸಿಯಲ್ಲಿ ಮಣ್ಣಿನ ಗೊಬ್ಬರದ ಮಡಕೆಗಳಿವೆ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಕಂಡಿದ್ದೇನೆ. ಹಸಿ ಸಿಪ್ಪೆಯ ಮೇಲೆ ಒಣ ಎಲೆ, ಮತ್ತೆ ಸಿಪ್ಪೆ, ಮತ್ತೆ ಎಲೆ ಎಂದು ಪದರಗಳನ್ನು ಇಡುವುದೇನೋ ಆಚಾರ್ಯರ ಗುಂಡಿಯಂತೆಯೇ ಇದೆ. ಆದರೆ ಗಾಳಿಯಾಡಲೆಂದು ಆಗಾಗ ಕೈಯಾಡಿಸಬೇಕಲ್ಲ? ಆ ಲೆಕ್ಕದಲ್ಲಿ ಬೆಂಗಳೂರಿನ ತಾರಸಿಯ ಮೇಲೆ ನಡೆದಿರುವುದು ಇಂದೋರ್ ವಿಧಾನ.